ಎರಡು ಕಂಬಗಳ ನಡುವಿನ ಲೆಕ್ಕ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಪ್ಯಾಡಕ್ ವುಡ್ ಎಂಬ ಊರಿನಲ್ಲಿ 1896ರ ಜನವರಿಯ ಒಂದು ದಿನ ಪೊಲೀಸ್ ಪೇದೆಯೊಬ್ಬ ಸೈಕಲ್ ಏರಿ ಮೋಟಾರು ಬಂಡಿಯೊಂದರ ಬೆನ್ನು ಹತ್ತಿದ. ಬಂಡಿ ಓಡಿಸುತ್ತಿದ್ದವನ ಹೆಸರು ವಾಲ್ಟರ್ ಅರ್ನಾಲ್ಡ್. ಊರೊಳಗೆ ಗಂಟೆಗೆ 2 ಮೈಲಿ ಮೀರಬಾರದೆಂದು ಕಾನೂನಿದ್ದ ಕಾಲದಲ್ಲಿ ಆತ 8 ಮೈಲಿ ವೇಗದಲ್ಲಿ ಹೋಗಿದ್ದ. ಬಂಡಿಯ ಮುಂದೆ ಒಬ್ಬ ಆಳು ನಡೆಯಬೇಕೆಂಬ ನಿಯಮವನ್ನೂ ಮುರಿದಿದ್ದ. ಪೇದೆ ಪೆಡಲು ತುಳಿದು ತುಳಿದು ಅವನನ್ನು ಹಿಡಿದೇಬಿಟ್ಟ. ವೇಗದ ತಪ್ಪಿಗೆಂದು ನ್ಯಾಯಾಲಯ 1 ಶಿಲ್ಲಿಂಗ್ ದಂಡ ಹಾಕಿತು. ಬ್ರಿಟನ್ನಿನಲ್ಲಿ ಅತಿವೇಗಕ್ಕಾಗಿ ಶಿಕ್ಷೆಯಾದ ಮೊದಲ ಮೋಟಾರು ಚಾಲಕ ಈತನೇ ಎನ್ನುತ್ತಾರೆ.

ಅದೇ ಬ್ರಿಟನ್ನಿನ ಮೋಟಾರ್‌ವೇಗಳಲ್ಲಿ ಈಗ ಕಾರುಗಳ ಗರಿಷ್ಠ ವೇಗ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿ.ಮೀ. ಬೆನ್ನಟ್ಟುವ ಪೇದೆ ಇಲ್ಲ. ರಸ್ತೆಯ ಬದಿಯಲ್ಲಿ ಒಂದು ಕಂಬ, ಅದರ ನೆತ್ತಿಯ ಮೇಲೆ ಕ್ಯಾಮೆರಾ. ಒಂದಷ್ಟು ದೂರ ಹೋದ ಮೇಲೆ ಅಂಥದೇ ಇನ್ನೊಂದು ಕಂಬ. ಫ್ಲ್ಯಾಷ್ ಬೆಳಕು ಮಿಂಚುವುದಿಲ್ಲ, ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಮಿತಿ ಮೀರಿದ್ದರೆ ಕೆಲವು ದಿನಗಳಲ್ಲಿ ಮನೆಗೆ ಕಾಗದ ಬರುತ್ತದೆ. ಇವೇ ‘ಸರಾಸರಿ ವೇಗದ ಕ್ಯಾಮೆರಾ’ಗಳು.

ಕಣ್ಣಿಗೆ ಕಾಣದಂತೆ ಕೆಲಸ ಮಾಡುವ ಯಾವುದೇ ಯಂತ್ರದ ಸುತ್ತ ಕಥೆಗಳು ಹುಟ್ಟಿಕೊಳ್ಳುವುದು ಸಹಜ. ಲೇನ್ ಬದಲಿಸಿದರೆ ಕ್ಯಾಮೆರಾಕ್ಕೆ ಗುರುತು ಸಿಗುವುದಿಲ್ಲ, ರಾತ್ರಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಅರ್ಧದಷ್ಟು ಕಂಬಗಳಲ್ಲಿ ಇರುವುದು ಬರೀ ಡಬ್ಬಿ ಎಂದೆಲ್ಲ ಮಾತುಗಳು ಬ್ರಿಟನ್ನಿನ ಚಾಲಕರ ನಡುವೆ ಹರಿದಾಡಿವೆ. ಇವೆಲ್ಲ ಬರಿಯ ಗಾಳಿಮಾತು ಎಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳಲ್ಲಿ ಹಲವು ಒಂದು ಕಾಲಕ್ಕೆ ನಿಜವೇ ಆಗಿದ್ದವು. ಯಂತ್ರ ಬದಲಾಯಿತು, ಮಾತು ಹಾಗೆಯೇ ಉಳಿಯಿತು. ಅದು ಹೇಗೆಂದು ತಿಳಿಯಲು ನೂರಿಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ಪೊದೆಯ ಹಿಂದಿನ ಸ್ಟಾಪ್‌ವಾಚ್

1903ರ ಮೋಟಾರು ಕಾರು ಕಾಯ್ದೆ ಬ್ರಿಟನ್ನಿನಲ್ಲಿ ವೇಗದ ಮಿತಿಯನ್ನು ಗಂಟೆಗೆ 20 ಮೈಲಿಗೆ ಏರಿಸಿತು. ಪ್ರತಿ ವಾಹನಕ್ಕೂ ನಂಬರ್ ಪ್ಲೇಟ್ ಇರಬೇಕೆಂದು ಕಡ್ಡಾಯ ಮಾಡಿದ್ದೂ ಇದೇ ಕಾಯ್ದೆ. 20 ಮೈಲಿ ಮೀರಿದ್ದನ್ನು ಸಾಬೀತು ಮಾಡುವುದು ಹೇಗೆ? ಆಗ ರಾಡಾರ್ ಇರಲಿಲ್ಲ. ಪೊಲೀಸರು ಕಂಡುಕೊಂಡ ಉಪಾಯ ಸರಳವಾಗಿತ್ತು. ರಸ್ತೆಯ ಒಂದು ಭಾಗವನ್ನು ಮೊದಲೇ ಅಳೆದಿಡುವುದು. ಎರಡು ತುದಿಗಳಲ್ಲೂ ಪೊದೆಯ ಮರೆಯಲ್ಲಿ ಪೇದೆಗಳು ಕೂರುವುದು. ಕಾರು ಮೊದಲ ಗುರುತು ದಾಟಿದಾಗ ಸ್ಟಾಪ್‌ವಾಚ್ ಒತ್ತುವುದು, ಎರಡನೆಯದನ್ನು ದಾಟಿದಾಗ ನಿಲ್ಲಿಸುವುದು.

ಒಂದು ಫರ್ಲಾಂಗು ದೂರವನ್ನು ಗಂಟೆಗೆ 20 ಮೈಲಿ ವೇಗದಲ್ಲಿ ಕ್ರಮಿಸಲು 22.5 ಸೆಕೆಂಡು ಬೇಕು. ಅದಕ್ಕಿಂತ ಬೇಗ ದಾಟಿದವನು ತಪ್ಪಿತಸ್ಥ. ಇಂದಿನ ಸರಾಸರಿ ವೇಗದ ಕ್ಯಾಮೆರಾ ಮಾಡುವುದೂ ಇದನ್ನೇ. ಪೇದೆಯ ಜಾಗದಲ್ಲಿ ಕ್ಯಾಮೆರಾ ಬಂದಿದೆ, ಸ್ಟಾಪ್‌ವಾಚಿನ ಜಾಗದಲ್ಲಿ ಕಂಪ್ಯೂಟರ್ ಗಡಿಯಾರ ಬಂದಿದೆ, ಅಷ್ಟೆ. ಹೊಸ ಯಂತ್ರವೆಂದು ಜನ ಬೆಚ್ಚಿದ್ದು ವಾಸ್ತವವಾಗಿ ರಸ್ತೆ ಪೊಲೀಸರ ಅತಿ ಹಳೆಯ ಲೆಕ್ಕವನ್ನು ಕಂಡು.

ಹಳೆಯ ಪದ್ಧತಿಯಲ್ಲಿ ಒಂದು ದೋಷವಿತ್ತು. ದೂರ ಕಡಿಮೆಯಾದ್ದರಿಂದ ಹೆಬ್ಬೆರಳು ಒಂದು ಸೆಕೆಂಡು ತಡವಾಗಿ ಒತ್ತಿದರೂ ಲೆಕ್ಕ ಗಂಟೆಗೆ ಸುಮಾರು 1 ಮೈಲಿಯಷ್ಟು ಏರುಪೇರಾಗುತ್ತಿತ್ತು. ಜೊತೆಗೆ ಕದ್ದು ಕುಳಿತು ಹಿಡಿಯುವ ರೀತಿ ಕಾರುಳ್ಳವರಿಗೆ ಸಿಟ್ಟು ತರಿಸಿತು. 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿಕೊಂಡದ್ದೇ ಇದಕ್ಕಾಗಿ. ಸಂಸ್ಥೆಯ ಸೈಕಲ್ ಸವಾರರು ರಸ್ತೆಯುದ್ದಕ್ಕೂ ಓಡಾಡುತ್ತ ಮುಂದೆ ಪೊಲೀಸರಿದ್ದಾರೆಂದು ಸದಸ್ಯರಿಗೆ ಎಚ್ಚರಿಕೆ ಕೊಡುತ್ತಿದ್ದರು. ಹಾಗೆ ಎಚ್ಚರಿಸುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಎಂದು 1910ರ ಹೊತ್ತಿಗೆ ನ್ಯಾಯಾಲಯ ತೀರ್ಪು ಕೊಟ್ಟಿತು.

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ದೇಶದಲ್ಲೂ ಇರುತ್ತಾರೆ. ಸಂಸ್ಥೆ ಹೊಸ ಪದ್ಧತಿ ಹಾಕಿಕೊಂಡಿತು. ಸದಸ್ಯರ ಕಾರು ಕಂಡರೆ ಸವಾರ ಸಲಾಮು ಹೊಡೆಯಬೇಕು. ಎಂದಾದರೂ ಅವನು ಸಲಾಮು ಹೊಡೆಯದಿದ್ದರೆ ಸದಸ್ಯರು ಕಾರು ನಿಲ್ಲಿಸಿ ಕಾರಣ ಕೇಳಬೇಕು! ಸಲಾಮು ಹೊಡೆಯದವನನ್ನು ಅಡ್ಡಿಪಡಿಸಿದನೆಂದು ಯಾವ ನ್ಯಾಯಾಲಯವೂ ಶಿಕ್ಷಿಸುವಂತಿರಲಿಲ್ಲ. ವೇಗದ ಕಾನೂನು ಮತ್ತು ಅದನ್ನು ತಪ್ಪಿಸಿಕೊಳ್ಳುವ ಗುಟ್ಟುಗಳು ಹೀಗೆ ಜೊತೆಜೊತೆಯಾಗಿಯೇ ಬೆಳೆದವು.

70 ಮೈಲಿಯ ಕಥೆ

1930ರಲ್ಲಿ ಬ್ರಿಟನ್ ಕಾರುಗಳ ವೇಗಮಿತಿಯನ್ನೇ ತೆಗೆದುಹಾಕಿತು. ಸಾವುಗಳು ಹೆಚ್ಚಿದ ಮೇಲೆ 1935ರ ಮಾರ್ಚ್‌ನಿಂದ ಊರೊಳಗೆ 30 ಮೈಲಿಯ ಮಿತಿ ಬಂತು. ಊರ ಹೊರಗೆ ಮಿತಿ ಇರಲಿಲ್ಲ. 1958ರ ಡಿಸೆಂಬರ್‌ನಲ್ಲಿ ಮೊದಲ ಮೋಟಾರ್‌ವೇ ಪ್ರೆಸ್ಟನ್ ಬಳಿ ತೆರೆಯಿತು. ಮರುವರ್ಷ ಎಂ1 ತೆರೆದಾಗಲೂ ಅಲ್ಲಿ ಎಷ್ಟು ವೇಗವಾಗಿ ಬೇಕಾದರೂ ಹೋಗಬಹುದಿತ್ತು.

70 ಮೈಲಿಯ ಮಿತಿ ಬಂದದ್ದು 1965ರ ಡಿಸೆಂಬರ್ 22ರಂದು, ಮೊದಲು ತಾತ್ಕಾಲಿಕವಾಗಿ. 1967ರಲ್ಲಿ ಅದು ಕಾಯಂ ಆಯಿತು. ಈ ಮಿತಿಯ ಹುಟ್ಟಿಗೂ ಒಂದು ದಂತಕಥೆ ಅಂಟಿಕೊಂಡಿದೆ. 1964ರ ಜೂನ್‌ನಲ್ಲಿ ಎ.ಸಿ. ಕಾರ್ಸ್ ಕಂಪನಿಯವರು ತಮ್ಮ ರೇಸಿನ ಕಾರನ್ನು ಬೆಳಗಿನ ಜಾವ ಎಂ1 ರಸ್ತೆಯಲ್ಲಿ ಗಂಟೆಗೆ 185 ಮೈಲಿ ವೇಗದಲ್ಲಿ ಓಡಿಸಿ ನೋಡಿದರು. ಪತ್ರಿಕೆಗಳಲ್ಲಿ ಗದ್ದಲವಾಯಿತು. ಆ ಒಂದು ಕಾರಿನಿಂದಾಗಿಯೇ ಇಡೀ ದೇಶಕ್ಕೆ ಮಿತಿ ಬಂತೆಂದು ಇಂದಿಗೂ ಹೇಳುವವರಿದ್ದಾರೆ. ಓಟ ನಡೆದದ್ದು ನಿಜ. ಆದರೆ ಸರ್ಕಾರ ಮಿತಿ ತಂದದ್ದು ಒಂದೂವರೆ ವರ್ಷದ ನಂತರ, ಮಂಜು ಕವಿದ ಮೋಟಾರ್‌ವೇಗಳಲ್ಲಿ ವಾಹನಗಳು ಒಂದರ ಹಿಂದೊಂದು ಗುದ್ದಿಕೊಂಡ ಸಾಲು ಅಪಘಾತಗಳು ಆದ ಬಳಿಕ. ರೇಸಿನ ಕಾರಿನ ಕಥೆ ಹೇಳಲು ಸೊಗಸು. ಮಂಜಿನಲ್ಲಿ ಸತ್ತವರ ಕಥೆ ಹಾಗಲ್ಲ. ಜನರ ಬಾಯಲ್ಲಿ ಉಳಿದದ್ದು ಮೊದಲನೆಯದೇ.

ರ‍್ಯಾಲಿ ವೀರನ ಹಳದಿ ಪೆಟ್ಟಿಗೆ

ವೇಗ ಅಳೆಯುವ ಪೆಟ್ಟಿಗೆಯನ್ನು ಲೋಕಕ್ಕೆ ಕೊಟ್ಟವನು ವೇಗದ ವೈರಿಯಲ್ಲ, ವೇಗದ ಹುಚ್ಚಿದ್ದವನು. ಹಾಲೆಂಡಿನ ಮಾರಿಸ್ ಗಾಟ್ಸೊನಿಡೀಸ್ 1953ರ ಮಾಂಟೆಕಾರ್ಲೊ ರ‍್ಯಾಲಿ ಗೆದ್ದ ಚಾಲಕ. ತಿರುವುಗಳಲ್ಲಿ ತನ್ನ ಕಾರಿನ ವೇಗ ಎಷ್ಟಿರುತ್ತದೆಂದು ತಿಳಿದು ಇನ್ನಷ್ಟು ವೇಗವಾಗಿ ಹೋಗುವ ಉದ್ದೇಶದಿಂದ ಆತ ಅಳತೆಯ ಸಾಧನ ಮಾಡಿಕೊಂಡ. ಅದೇ ಮುಂದೆ ಪೊಲೀಸರ ಕೈಗೆ ಹೋಯಿತು. ‘ಗಾಟ್ಸೊ’ ಎಂಬ ಹೆಸರು ಬ್ರಿಟನ್ನಿನಲ್ಲಿ ಮನೆಮಾತಾಯಿತು.

ಕ್ಯಾಮೆರಾದ ಚಿತ್ರವನ್ನು ಸಾಕ್ಷ್ಯವಾಗಿ ಒಪ್ಪಲು 1991ರ ರಸ್ತೆ ಸಂಚಾರ ಕಾಯ್ದೆ ದಾರಿ ಮಾಡಿಕೊಟ್ಟಿತು. 1992ರಲ್ಲಿ ಪಶ್ಚಿಮ ಲಂಡನ್ನಿನ ಟ್ವಿಕನ್‌ಹ್ಯಾಮ್ ಸೇತುವೆಯ ಬಳಿ ಗಾಟ್ಸೊ ಕೆಲಸ ಶುರು ಮಾಡಿತು. ಇದು ಹಿಂದಿನಿಂದ ರಾಡಾರ್ ಬೀರಿ, ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಫೋಟೊ ತೆಗೆಯುತ್ತದೆ. ರಸ್ತೆಯ ಮೇಲೆ ಬಳಿದ ಬಿಳಿ ಗೆರೆಗಳನ್ನು ನೋಡಿ ಕಾರು ಎಷ್ಟು ಮುಂದೆ ಹೋಗಿದೆ ಎಂದು ತಾಳೆ ನೋಡಬಹುದು.

ಮೊದಮೊದಲು ಇವು ಫಿಲ್ಮ್ ರೀಲಿನ ಕ್ಯಾಮೆರಾಗಳು. ರೀಲು ಮುಗಿದರೆ ಯಾರಾದರೂ ಬಂದು ಬದಲಿಸಬೇಕು. ಇದ್ದ ಕೆಲವು ಕ್ಯಾಮೆರಾಗಳನ್ನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗಿಸುವುದೂ ಇತ್ತು. ಹಾಗಾಗಿ ಎಷ್ಟೋ ಪೆಟ್ಟಿಗೆಗಳು ನಿಜವಾಗಿಯೂ ಖಾಲಿ ಇರುತ್ತಿದ್ದವು. ‘ಅದರಲ್ಲಿ ಏನೂ ಇಲ್ಲ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಇಂದಿನ ಸರಾಸರಿ ಕ್ಯಾಮೆರಾಗಳಲ್ಲಿ ಫಿಲ್ಮೇ ಇಲ್ಲ, ಮುಗಿಯುವ ಪ್ರಶ್ನೆಯೂ ಇಲ್ಲ. ಆದರೂ ಮಾತು ಸತ್ತಿಲ್ಲ.

ಗಾಟ್ಸೊದ ದೊಡ್ಡ ಮಿತಿ ಬೇರೆಯೇ ಇತ್ತು. ಅದು ಕಾಯುವುದು ಒಂದೇ ಜಾಗವನ್ನು. ದೂರದಿಂದ ಹಳದಿ ಪೆಟ್ಟಿಗೆ ಕಂಡೊಡನೆ ಬ್ರೇಕ್ ಒತ್ತಿ, ದಾಟಿದೊಡನೆ ಮತ್ತೆ ವೇಗ ಏರಿಸುವುದನ್ನು ಚಾಲಕರು ಬೇಗ ಕಲಿತರು. ವೇಗದ ರಸ್ತೆಯಲ್ಲಿ ಮುಂದಿನವನು ಹಠಾತ್ತನೆ ಬ್ರೇಕ್ ಹಾಕಿದರೆ ಹಿಂದಿನವನ ಗತಿಯೇನು?

ಸರಾಸರಿ ಮರಳಿ ಬಂತು

ಉತ್ತರ ಹಳೆಯ ಸ್ಟಾಪ್‌ವಾಚಿನಲ್ಲೇ ಇತ್ತು. ಬೇಕಾಗಿದ್ದದ್ದು ಸಾವಿರಾರು ವಾಹನಗಳ ನಡುವೆ ಒಂದನ್ನು ಎರಡು ಕಡೆ ಗುರುತಿಸುವ ಶಕ್ತಿ. ನಂಬರ್ ಪ್ಲೇಟನ್ನು ಯಂತ್ರವೇ ಓದುವ ವಿದ್ಯೆಯನ್ನು ಬ್ರಿಟಿಷ್ ಪೊಲೀಸರ ವೈಜ್ಞಾನಿಕ ಅಭಿವೃದ್ಧಿ ಶಾಖೆ 1976ರಲ್ಲೇ ಆರಂಭಿಸಿತ್ತು. ಅದು ಪಕ್ವವಾಗಿ, ‘ಸ್ಪೆಕ್ಸ್’ ಎಂಬ ಹೆಸರಿನ ಸರಾಸರಿ ವೇಗದ ಕ್ಯಾಮೆರಾಕ್ಕೆ 1999ರಲ್ಲಿ ಸರ್ಕಾರದ ಒಪ್ಪಿಗೆ ಸಿಕ್ಕಿತು. ನಾಟಿಂಗ್‌ಹ್ಯಾಮ್ ನಗರದ ವರ್ತುಲ ರಸ್ತೆಯಲ್ಲಿ 2000ದಲ್ಲಿ ಅದು ಕಾಯಂ ಆಗಿ ನೆಲೆಯೂರಿತು. ಮೋಟಾರ್‌ವೇಗಳಲ್ಲಿ ಅದರ ಮುಖ್ಯ ಬಳಕೆ ಕಾಮಗಾರಿ ನಡೆಯುವ ಕಡೆ. ಪ್ಲಾಸ್ಟಿಕ್ಕಿನ ಶಂಕುಗಳ ಒಂದು ಸಾಲು ಬಿಟ್ಟರೆ ಓಡುವ ವಾಹನಗಳಿಗೂ ದುಡಿಯುವ ಕಾರ್ಮಿಕರಿಗೂ ನಡುವೆ ಅಲ್ಲಿ ಹಲವೊಮ್ಮೆ ಬೇರೆ ತಡೆಯೇ ಇರುವುದಿಲ್ಲ.

ಕೆಲಸ ಹೀಗೆ: ಮೊದಲ ಕ್ಯಾಮೆರಾ ನಂಬರ್ ಓದಿ ಸಮಯ ಗುರುತಿಸುತ್ತದೆ. ಎರಡನೆಯದು ಅದೇ ನಂಬರ್ ಕಂಡಾಗ ಮತ್ತೆ ಸಮಯ ಗುರುತಿಸುತ್ತದೆ. ದೂರವನ್ನು ಸಮಯದಿಂದ ಭಾಗಿಸಿದರೆ ಸರಾಸರಿ ವೇಗ. ದೂರವನ್ನು ಲೆಕ್ಕ ಹಿಡಿಯುವಾಗ ಎರಡು ಕಂಬಗಳ ನಡುವೆ ವಾಹನ ಹೋಗಬಹುದಾದ ಅತಿ ಹತ್ತಿರದ ದಾರಿಯನ್ನೇ ಹಿಡಿಯುತ್ತಾರೆ. ಆದ್ದರಿಂದ ಏನಾದರೂ ವ್ಯತ್ಯಾಸವಾದರೆ ಲಾಭ ಚಾಲಕನಿಗೇ.

ಫರ್ಲಾಂಗಿನ ಲೆಕ್ಕದಲ್ಲಿ ಒಂದು ಸೆಕೆಂಡು ಮುಖ್ಯವಾಗಿತ್ತು. 10 ಕಿ.ಮೀ. ದೂರದಲ್ಲಿ ಅದು ನಗಣ್ಯ. ಗಂಟೆಗೆ 80 ಕಿ.ಮೀ. ಮಿತಿಯ ರಸ್ತೆಯಲ್ಲಿ ಆ ದೂರಕ್ಕೆ ಏಳೂವರೆ ನಿಮಿಷ, ಅಂದರೆ 450 ಸೆಕೆಂಡು ಬೇಕು. ಒಂದು ಸೆಕೆಂಡು ತಪ್ಪಿದರೂ ವೇಗದ ಲೆಕ್ಕ ಬದಲಾಗುವುದು ಗಂಟೆಗೆ 0.2 ಕಿ.ಮೀ.ಗೂ ಕಡಿಮೆ. ಒಂದು ಕ್ಷಣ ಮೈಮರೆತವನನ್ನು ಇದು ಹಿಡಿಯುವುದಿಲ್ಲ. ಉದ್ದಕ್ಕೂ ಓಡಿಸಿದವನನ್ನು ಬಿಡುವುದಿಲ್ಲ. ಎರಡು ಕಂಬಗಳ ನಡುವಿನ ಸರಾಸರಿಯೇ ಮಿತಿ ಮೀರಿದೆ ಎಂದಾದರೆ, ನಡುವೆ ಎಲ್ಲೋ ಒಂದು ಕಡೆ ಅವನು ಖಂಡಿತ ಮಿತಿ ಮೀರಿದ್ದಾನೆ. ಇದಕ್ಕೆ ಎದುರು ವಾದವಿಲ್ಲ.

ಮಾತು ಎಷ್ಟು, ಸತ್ಯ ಎಷ್ಟು

ಲೇನ್ ಬದಲಿಸುವ ಗುಟ್ಟು ಎಲ್ಲಕ್ಕಿಂತ ಪ್ರಸಿದ್ಧ. ಇದರಲ್ಲಿ ಹುರುಳಿತ್ತು. ಮೊದಲ ತಲೆಮಾರಿನ ಸ್ಪೆಕ್ಸ್ ಯಂತ್ರಗಳಲ್ಲಿ ಒಂದೊಂದು ಜೋಡಿ ಕ್ಯಾಮೆರಾ ನಿರ್ದಿಷ್ಟ ಲೇನ್ ಕಾಯುತ್ತಿತ್ತು. ಒಂದರಲ್ಲಿ ಒಳಹೊಕ್ಕು ಇನ್ನೊಂದರಲ್ಲಿ ಹೊರಬಿದ್ದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಇತ್ತು. ಈ ಸುದ್ದಿ ಪತ್ರಿಕೆಗಳಿಗೂ ಬಂತು. ನಂತರದ ಯಂತ್ರಗಳು ಎಲ್ಲ ಲೇನ್‌ಗಳ ನಂಬರ್‌ಗಳನ್ನೂ ಒಟ್ಟಿಗೆ ತಾಳೆ ಹಾಕುತ್ತವೆ. ಹಳೆಯ ಸುದ್ದಿ ನಂಬಿ ಅತಿವೇಗದಲ್ಲಿ ಲೇನ್‌ನಿಂದ ಲೇನ್‌ಗೆ ಹಾರುವವನು ದಂಡವನ್ನೂ ತಪ್ಪಿಸಿಕೊಳ್ಳುವುದಿಲ್ಲ, ಅಕ್ಕಪಕ್ಕದವರ ಜೀವಕ್ಕೂ ಸಂಚಕಾರ ತರುತ್ತಾನೆ.

ರಾತ್ರಿ ಕಣ್ಣು ಕಾಣದು ಎಂಬುದು ಫ್ಲ್ಯಾಷ್ ಕಾಲದ ತರ್ಕ. ಸರಾಸರಿ ಕ್ಯಾಮೆರಾಗಳು ಮನುಷ್ಯರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಓದುತ್ತವೆ. ಹಗಲೂ ಒಂದೇ, ಇರುಳೂ ಒಂದೇ. ನಂಬರ್ ಪ್ಲೇಟಿಗೆ ಹೊಳಪಿನ ದ್ರಾವಣ ಸಿಂಪಡಿಸಿದರೆ ಫ್ಲ್ಯಾಷ್ ಪ್ರತಿಫಲಿಸಿ ಚಿತ್ರ ಹಾಳಾಗುತ್ತದೆ ಎಂಬ ನಂಬಿಕೆಗೂ ಇಲ್ಲಿ ನೆಲೆಯಿಲ್ಲ. ಫ್ಲ್ಯಾಷೇ ಇಲ್ಲದ ಮೇಲೆ ಪ್ರತಿಫಲಿಸುವುದೇನು?

ಅರ್ಧ ದಾರಿ ಓಡಿಸಿ, ಉಳಿದರ್ಧ ನಿಧಾನ ಮಾಡಿದರೆ ಸರಿಹೋಗುತ್ತದೆ ಎನ್ನುವವರ ಗಣಿತ ಹೀಗಿರುತ್ತದೆ: 120 ಮತ್ತು 40 ಕೂಡಿಸಿ ಭಾಗಿಸಿದರೆ 80. ಆದರೆ ಕ್ಯಾಮೆರಾ ಲೆಕ್ಕ ಹಾಕುವುದು ಸಮಯವನ್ನು. 10 ಕಿ.ಮೀ.ಯ ಮೊದಲರ್ಧ 120ರಲ್ಲಿ ಹೋದರೆ ಎರಡೂವರೆ ನಿಮಿಷ, ಉಳಿದರ್ಧ 40ರಲ್ಲಿ ಏಳೂವರೆ ನಿಮಿಷ. ಒಟ್ಟು 10 ನಿಮಿಷ; ಸರಾಸರಿ 60. ಅಂದರೆ ಸಮನಾಗಿ 80ರಲ್ಲಿ ಹೋದವನು ಇವನಿಗಿಂತ ಎರಡೂವರೆ ನಿಮಿಷ ಮೊದಲೇ ಊರು ಸೇರಿರುತ್ತಾನೆ! ಹೀಗೆ ಓಡಿಸಿ ದಂಡ ತಪ್ಪಿಸಿಕೊಳ್ಳಬಹುದೇನೋ ನಿಜ. ಸಮಯ ಮಾತ್ರ ಗಿಟ್ಟುವುದಿಲ್ಲ.

ಹಳದಿ ಬಣ್ಣ ಬಳಿಯದ ಕ್ಯಾಮೆರಾ ಹಿಡಿದರೆ ದಂಡ ಕಟ್ಟಬೇಕಿಲ್ಲ ಎಂಬುದೂ ಅರ್ಧಸತ್ಯ. ಕ್ಯಾಮೆರಾ ಎದ್ದು ಕಾಣುವಂತಿರಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಬಣ್ಣ ಮಾಸಿತೆಂದು ಅಪರಾಧ ಮಾಫಿಯಾಗುವುದಿಲ್ಲ. ಮಿತಿಯ ಮೇಲೆ ಶೇ 10 ಮತ್ತು 2 ಮೈಲಿಯ ತನಕ ಸಲಿಗೆ ಇದೆ ಎಂಬ ಮಾತಿಗೂ ಆಧಾರವಿದೆ. ಬ್ರಿಟನ್ನಿನ ಪೊಲೀಸ್ ಮುಖ್ಯಸ್ಥರ ಮಾರ್ಗಸೂಚಿಯಂತೆ 70ರ ಮಿತಿಗೆ ಕ್ರಮದ ಮಟ್ಟ 79. ಆದರೆ ಅದು ಪೊಲೀಸರಿಗೆ ಕೊಟ್ಟ ವಿವೇಚನೆಯೇ ಹೊರತು ಚಾಲಕರಿಗೆ ಕೊಟ್ಟ ಹಕ್ಕಲ್ಲ. ಕಾನೂನಿನ ಕಣ್ಣಿಗೆ 71 ಕೂಡ ತಪ್ಪೇ.

ಇದಕ್ಕೆ ತದ್ವಿರುದ್ಧ ಭ್ರಮೆಯೂ ಇತ್ತು. ಹೆದ್ದಾರಿಗಳ ಪಕ್ಕದ ನೀಲಿ ಕಂಬಗಳನ್ನು ಕಂಡು ಎಷ್ಟೋ ಚಾಲಕರು ಬ್ರೇಕ್ ಒತ್ತುತ್ತಿದ್ದರು. ಅವು ಟ್ರಾಫಿಕ್‌ಮಾಸ್ಟರ್ ಎಂಬ ಕಂಪನಿಯವು. ಎಲ್ಲಿ ವಾಹನ ದಟ್ಟಣೆ ಇದೆಯೆಂದು ತಿಳಿಯಲು ಪ್ರಯಾಣದ ಸಮಯ ಅಳೆಯುತ್ತಿದ್ದವು. ನಂಬರಿನ ನಡುವಿನ ಕೆಲವು ಅಕ್ಷರಗಳನ್ನಷ್ಟೇ ಓದುತ್ತಿದ್ದ ಅವು ಯಾರಿಗೂ ದಂಡ ಹಾಕುವಂತಿರಲಿಲ್ಲ.

‘ಯಾರು ಓಡಿಸುತ್ತಿದ್ದರೆಂದು ಹೇಳದಿದ್ದರೆ ಅವರೇನು ಮಾಡಿಯಾರು’ ಎಂಬುದು ಇನ್ನೊಂದು ವರಸೆ. ಹೇಳುವುದು ಮಾಲೀಕನ ಕರ್ತವ್ಯ ಎನ್ನುತ್ತದೆ 1988ರ ರಸ್ತೆ ಸಂಚಾರ ಕಾಯ್ದೆ. ಇದು ಮೌನದ ಹಕ್ಕಿಗೆ ವಿರುದ್ಧವೆಂಬ ವಾದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2007ರಲ್ಲಿ ಬಿದ್ದುಹೋಯಿತು. ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟುವ ದಾರಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ರಾಜಕಾರಣಿ ಕ್ರಿಸ್ ಹ್ಯೂನ್ ಉದಾಹರಣೆ. 2003ರಲ್ಲಿ ಎಂ11 ಮೋಟಾರ್‌ವೇಯಲ್ಲಿ ಆದ ವೇಗದ ತಪ್ಪನ್ನು ಆಗಿನ ಪತ್ನಿ ತನ್ನದೆಂದು ಒಪ್ಪಿಕೊಂಡಿದ್ದರು. ವರ್ಷಗಳ ನಂತರ ಸಂಗತಿ ಹೊರಬಿದ್ದು ಹ್ಯೂನ್ 2012ರಲ್ಲಿ ಸಚಿವ ಸ್ಥಾನ ಬಿಟ್ಟರು. 2013ರಲ್ಲಿ ಇಬ್ಬರಿಗೂ ಎಂಟು ತಿಂಗಳ ಸಜೆಯಾಯಿತು. ಒಂದು ದಂಡದ ಚೀಟಿ ಇಷ್ಟು ದೂರ ಹೋಗಬೇಕಿರಲಿಲ್ಲ.

ಜೀವದ ಲೆಕ್ಕ

ಎಲ್ಲಕ್ಕಿಂತ ಗಟ್ಟಿಯಾದ ಆರೋಪವೆಂದರೆ ಕ್ಯಾಮೆರಾ ಇರುವುದು ಜೀವ ಉಳಿಸಲಿಕ್ಕಲ್ಲ, ಖಜಾನೆ ತುಂಬಿಸಲಿಕ್ಕೆ ಎಂಬುದು. ಇದರ ಪರೀಕ್ಷೆ ನಡೆದದ್ದು ಸ್ಕಾಟ್ಲೆಂಡಿನಲ್ಲಿ. ಡನ್‌ಬ್ಲೇನ್‌ನಿಂದ ಇನ್ವರ್ನೆಸ್‌ವರೆಗೆ ಸಾಗುವ ಎ9 ಮೋಟಾರ್‌ವೇ ಅಲ್ಲ. ಬಹುಭಾಗ ಎದುರುಬದುರು ವಾಹನಗಳು ಹಾಯುವ ಹೆದ್ದಾರಿ. ಅಲ್ಲಿ ಮುಖಾಮುಖಿ ಡಿಕ್ಕಿಗಳು ಕುಖ್ಯಾತ. 2014ರ ಅಕ್ಟೋಬರ್‌ನಲ್ಲಿ ಈ ರಸ್ತೆಗೂ ಸರಾಸರಿ ಕ್ಯಾಮೆರಾ ಬಂತು. ಚಾಲಕರ ಅಸಹನೆ ಹೆಚ್ಚಿ ಅಪಘಾತ ಇನ್ನೂ ಏರುತ್ತದೆಂದು ದೊಡ್ಡ ವಿರೋಧವೇ ನಡೆಯಿತು. ಆದರೆ ಮೊದಲ ವರ್ಷಗಳಲ್ಲಿ ಸಾವೂ ತೀವ್ರ ಗಾಯವೂ ಇಳಿದವು.

ಆರ್‌ಎಸಿ ಫೌಂಡೇಷನ್ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಸರಾಸರಿ ಕ್ಯಾಮೆರಾ ಹಾಕಿದ ರಸ್ತೆಗಳಲ್ಲಿ ಸಾವು ಅಥವಾ ತೀವ್ರ ಗಾಯ ತಂದ ಅಪಘಾತಗಳು ಸುಮಾರು ಶೇ 36ರಷ್ಟು ಇಳಿದಿದ್ದವು. ದಂಡವೇ ಗುರಿಯಾಗಿದ್ದರೆ ಇದು ಕೆಟ್ಟ ವ್ಯಾಪಾರ. ಏಕೆಂದರೆ ಇಂಥ ರಸ್ತೆಗಳಲ್ಲಿ ಹೆಚ್ಚಿನವರು ಮಿತಿಯೊಳಗೇ ಓಡಿಸುತ್ತಾರೆ.

ಹಾಗೆಂದು ಕ್ಯಾಮೆರಾ ಸರ್ವರೋಗಕ್ಕೂ ಮದ್ದಲ್ಲ. 2022ರಲ್ಲಿ ಅದೇ ಎ9ರ ಪರ್ತ್–ಇನ್ವರ್ನೆಸ್ ಭಾಗದಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆಯನ್ನು ಅಗಲ ಮಾಡಿ ನಡುವೆ ವಿಭಜಕ ಹಾಕಿ ಎಂಬ ಹಳೆಯ ಬೇಡಿಕೆ ಮತ್ತೆ ಎದ್ದಿತು. ವಿರೋಧಿಸಿದವರ ವಾದದಲ್ಲೂ ಈ ಒಂದು ಎಳೆ ಗಟ್ಟಿಯಾಗಿತ್ತು.

ಇನ್ನೊಂದು ಆಕ್ಷೇಪವೂ ಹಗುರದ್ದಲ್ಲ. ಮಿತಿ ಮೀರಿದವನನ್ನು ಹುಡುಕಲು ಈ ಕ್ಯಾಮೆರಾ ಮೀರದವರ ನಂಬರನ್ನೂ ಓದಲೇಬೇಕು. ಜರ್ಮನಿಯ ಹ್ಯಾನೊವರ್ ಬಳಿ 2019ರ ಜನವರಿಯಲ್ಲಿ ಇಂಥ ಕ್ಯಾಮೆರಾ ಶುರುವಾದಾಗ, ನಿರಪರಾಧಿಗಳ ವಿವರ ಪಡೆಯಲು ಕಾನೂನಿನ ಆಧಾರ ಎಲ್ಲಿದೆ ಎಂದು ನ್ಯಾಯಾಲಯ ಕೇಳಿ ಮಾರ್ಚ್‌ನಲ್ಲೇ ನಿಲ್ಲಿಸಿತು. ಆ ರಾಜ್ಯ ಕಾನೂನು ತಿದ್ದಿದ ಬಳಿಕವೇ ಕ್ಯಾಮೆರಾ ಮತ್ತೆ ಕಣ್ಣು ತೆರೆದದ್ದು.

ಕನ್ನಡಿಗರಿಗೂ ಈ ಚರಿತ್ರೆ ಈಗ ದೂರದ್ದಲ್ಲ. ವಿದ್ಯುನ್ಮಾನ ಸಾಧನಗಳಿಂದ ರಸ್ತೆ ಕಾಯಲು ಭಾರತದಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅವಕಾಶ ಕೊಟ್ಟಿತು. 2021ರ ಆಗಸ್ಟ್‌ನಲ್ಲಿ ಬಂದ ನಿಯಮಗಳು ಕ್ಯಾಮೆರಾ ಇರುವ ಭಾಗಕ್ಕೆ ಮುನ್ನ ಎದ್ದು ಕಾಣುವ ಎಚ್ಚರಿಕೆಯ ಫಲಕ ಇರಬೇಕೆಂದು ಹೇಳಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಸಾಲು ಸಾಲು ಸಾವು ಕಂಡಿತು; ಅದೇ ಆಗಸ್ಟ್‌ನಿಂದ ಬೈಕು, ಆಟೊಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು. ನಂಬರ್ ಓದುವ ಕ್ಯಾಮೆರಾಗಳು ಬಂದವು. ಗಂಟೆಗೆ 130 ಕಿ.ಮೀ. ಮೀರಿದವರ ಮೇಲೆ ಮೊಕದ್ದಮೆ ಹೂಡುವುದಾಗಿ 2024ರಲ್ಲಿ ರಾಜ್ಯದ ಪೊಲೀಸರು ಪ್ರಕಟಿಸಿದರು.

ಪೊದೆಯ ಹಿಂದೆ ಕೂತ ಪೇದೆಗೆ ಎದುರಾಗಿ ಸಲಾಮಿನ ಗುಟ್ಟು ಹುಟ್ಟಿತ್ತು. ಕಂಬ ಎಲ್ಲಿದೆ, ದೂರ ಎಷ್ಟು, ಲೆಕ್ಕ ಹೇಗೆ, ಓದಿದ ನಂಬರ್ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಫಲಕದ ಮೇಲೆ ಬರೆದು ಹೇಳುವ ಕಡೆ ಗಾಳಿಮಾತಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಮಿಕ್ಕದ್ದು ಎರಡು ಕಂಬಗಳ ನಡುವೆ ಸಾಗುವವನ ಕಾಲಡಿಗೆ ಬಿಟ್ಟದ್ದು.